ಬಾಗಿನದ ಜೊತೆ ಕೊಟ್ಟ ಕಂಪ್ಯೂಟರು

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನಾನು ಓದಿದ್ದು ಒಂಬತ್ತನೇ ಕ್ಲಾಸಿನವರೆಗೆ. ಕೆಲಸ ಕಲಿತದ್ದು ಶ್ರೀರಂಗಪಟ್ಟಣದ ಒಂದು ಅಂಗಡಿಯಲ್ಲಿ, ಟೀ ತಂದುಕೊಡುತ್ತ, ಸ್ಕ್ರೂ ಬಿಚ್ಚುತ್ತ. ಅಲ್ಲಿ ಎಲ್ಲಕ್ಕಿಂತ ಮೊದಲು ಕಲಿತದ್ದು ಕೈಬದಲು. ಊರಲ್ಲಿ ಮೊಸರಿನ ಹೆಪ್ಪು, ಕಾಫಿಪುಡಿ ಕೈಬದಲು ತಂದ ಹಾಗೆ ಅಂಗಡಿಯಲ್ಲಿ ಒಬ್ಬರ ಮಿಷನ್ನಿನ ಸಾಮಾನು ಇನ್ನೊಬ್ಬರ ಮಿಷನ್ನಿಗೆ ಹೋಗುತ್ತದೆ. ಹೊಸದು ಬಂದ ಮೇಲೆ ಹಳೆಯದು ವಾಪಸ್ಸು ತನ್ನ ಜಾಗಕ್ಕೆ ಬರುತ್ತದೆ. ಗಿರಾಕಿಗೆ ಹೇಳುವ ಪದ್ಧತಿ ಇಲ್ಲ. ಲೈಟು ಹತ್ತಿ ಫ್ಯಾನು ತಿರುಗಿದರೆ ಅವರ ಪಾಲಿಗೆ ಎಲ್ಲ ಸರಿಯಾಗಿದೆ ಅಂತಲೇ ಲೆಕ್ಕ. ಇದರಲ್ಲಿ ಮೋಸವಿದೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನನಗೆ ಒಬ್ಬಳೇ ತಂಗಿ. ನಮ್ಮೂರು ಕ್ಯಾತನಹಳ್ಳಿಯ ಕಡೆ. ಅವ್ವ, ಅಪ್ಪ ಇಬ್ಬರೂ ಹೋದ ಮೇಲೆ ಊರಿನ ಮನೆಯನ್ನು ದೊಡ್ಡಪ್ಪನ ಮಕ್ಕಳಿಗೆ ಬಿಟ್ಟು ನಾನು ಅಂಗಡಿಯ ಹಿಂದಿನ ಕೋಣೆಗೆ ಬಂದೆ. ತಂಗಿ ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದಳು. ಅವಳಿಗಾಗಿ ನಾನು ಓದು ಬಿಟ್ಟೆ ಅಂತ ನೆಂಟರು ಹೇಳುವುದುಂಟು. ಅದು ಸುಳ್ಳು. ನನಗೆ ಓದು ಹತ್ತಲಿಲ್ಲ, ಬಿಟ್ಟೆ. ಆದರೆ ಯಾರಾದರೂ ಹಾಗೆ ಹೇಳಿದಾಗ ಸುಮ್ಮನೆ ಕೇಳಿಸಿಕೊಂಡು ಕೂತಿದ್ದೇನೆ.

ಅವಳನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿದ್ದೇವೆ. ಭಾವನಿಗೆ ಹಾಲಿನ ಡೇರಿಯಲ್ಲಿ ಕೆಲಸ, ಜೊತೆಗೆ ಗದ್ದೆ, ಕೊಟ್ಟಿಗೆ ತುಂಬ ದನ. ಒಳ್ಳೆಯ ಮನೆ. ಮದುವೆಯಾಗಿ ಒಂದಷ್ಟು ಕಾಲ ಆದ ಮೇಲೆ ತಂಗಿಗೆ ಒಂದು ಕೆಲಸದ ಆಸೆ ಹುಟ್ಟಿತು. ದೂರದ ಯಾವುದೋ ಕಂಪನಿಯ ಸರ್ವರುಗಳನ್ನು ಮನೆಯಲ್ಲೇ ಕೂತು ನೋಡಿಕೊಳ್ಳುವ ಕೆಲಸ. ಅದಕ್ಕೆ ಪರೀಕ್ಷೆ ಉಂಟು, ಅದೂ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಅವಳ ಅತ್ತೆ ಬೇಡ ಅನ್ನಲಿಲ್ಲ.

"ಒಂದ್ಸಲ ನೋಡವ್ವ. ಬಂದ್ರೆ ಬರ್ಲಿ. ಬರ್ನಿಲ್ಲ ಅಂದ್ರೆ ಮತ್ತೆ ಅದೇ ಗ್ಯಾನದಲ್ಲಿ ಕೂರ್‌ಬ್ಯಾಡ. ಮನೇಲಿ ಏಟು ಕೆಲ್ಸ ಐತೆ ನೋಡು."

ಆ ಒಂದು ಸಲಕ್ಕೆ ಅವಳಿಗೆ ಒಳ್ಳೆಯ ಮಿಷನ್ನು ಬೇಕಾಗಿತ್ತು. ಫೋನ್ ಮಾಡಿ ನನಗೆ ಬಿಡಿಸಿ ಹೇಳಿದಳು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು ಇದ್ದ ಹಾಗೆ ನಡೆಸುವುದು. ಅದಕ್ಕೆ ವರ್ಚುವಲ್ ಮಿಷನ್ ಅನ್ನುತ್ತಾರೆ. ಅಷ್ಟು ನನಗೂ ಗೊತ್ತಿತ್ತು. ಆದರೆ ಇವಳಿಗೆ ಬೇಕಾದದ್ದು ಆ ಒಳಗಿನದರೊಳಗೆ ಮತ್ತೂ ಒಂದು.

"ಅದ್ಯಾಕಮ್ಮಿ ಮೂರು? ಒಂದು ಸಾಲ್ದಾ?"

"ಪರೀಕ್ಷೇಲಿ ಅದ್ನೇ ಕೇಳೋದು ಕಣಣ್ಣ. ಕಂಪ್ನಿ ಸರ್ವರ್ ನಮ್ಮತ್ರ ಇರಲ್ವಲ್ಲ. ಅದ್ಕೆ ಮಿಷನ್ನೊಳಗೆ ಒಂದು ಸರ್ವರ್ ಮಾಡ್ಕೊಂಡು, ಅದ್ರೊಳಗೆ ಮಿಷನ್ ನಡಿಸಿ ಕಲೀಬೇಕು. ತಳದಲ್ಲಿರೋ ಪ್ರೊಸೆಸರು ತನ್ನ ಶಕ್ತಿನ ಒಳಗಿನೋರಿಗೂ ಬುಟ್ಕೊಡೋ ಅಂಥದ್ದಾಗಿರ್ಬೇಕು. ಎಲ್ಲಾ ಪ್ರೊಸೆಸರೂ ಬುಟ್ಕೊಡಲ್ಲ."

ಬೆಂಗಳೂರಿನ ಒಂದು ಆಫೀಸು ಖಾಲಿ ಮಾಡುವಾಗ ಬಂದ ಮಿಷನ್ನೊಂದು ನನ್ನ ಬಳಿ ಇತ್ತು. ಹೊಸ ಜನರೇಷನ್ನಿನ ಪ್ರೊಸೆಸರು. ಅದರ ಮೇಲಿದ್ದ ಹೆಸರು, ನಂಬರು ಓದಿ ಹೇಳಿದೆ. ಅವಳು ಅಲ್ಲೇ ಹುಡುಕಿ ನೋಡಿ, "ಇದೇ ಸಾಕು ಕಣಣ್ಣೋ!" ಅಂತ ಫೋನಿನಲ್ಲೇ ಕೂಗಿದಳು. ಗೌರಿ ಹಬ್ಬ ಹತ್ತಿರವಿತ್ತು. ಬಾಗಿನದ ಜೊತೆಗೆ ತರುತ್ತೇನೆ ಅಂದೆ.

ನಮ್ಮ ಕಡೆ ಗೌರಿ ಬಾಗಿನ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತವರಿನಿಂದ ಬಿದಿರಿನ ಮೊರದಲ್ಲಿ ಬೇಳೆ, ಬಳೆ, ಅರಿಶಿನ ಕುಂಕುಮ, ಕಾಯಿ ಇಟ್ಟು ಅಣ್ಣತಮ್ಮಂದಿರು ತೆಗೆದುಕೊಂಡು ಹೋಗಿ ಕೊಡಬೇಕು. ಅವತ್ತು ಯಾರ ತವರಿನವರು ಬಂದರು, ಯಾರ ತವರಿನವರು ಬರಲಿಲ್ಲ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ. ನಮ್ಮಲ್ಲಿ ಹೋಗುವವನು ನಾನೊಬ್ಬನೇ. ಅವಳ ತವರು ಅಂದರೆ ಅವತ್ತಿನ ಮಟ್ಟಿಗೆ ನಾನು, ನನ್ನ ಕೈಯಲ್ಲಿರುವ ಮೊರ, ಅಷ್ಟೇ. ತವರಿನಿಂದ ಬಂದದ್ದನ್ನು ಅತ್ತೆಮನೆಯಲ್ಲಿ ಯಾವ ಹೆಣ್ಣೂ ಹಳಿಯುವುದಿಲ್ಲ. ಸೀರೆ ಬಣ್ಣ ಬಿಟ್ಟರೂ ತಾನೇ ಜಾಸ್ತಿ ಸೋಪು ಹಾಕಿದೆ ಅನ್ನುತ್ತಾಳೆ.

ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ನಾಗಮಂಗಲದಿಂದ ಒಬ್ಬರು ಬಂದರು. ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಅವರದ್ದು. ಅವರ ಎಡಿಟಿಂಗ್ ಮಿಷನ್ನಿನ ಬೋರ್ಡು ಸುಟ್ಟುಹೋಗಿತ್ತು. ಶ್ರಾವಣದ ಮದುವೆಗಳ ವಿಡಿಯೋ ಎಲ್ಲ ಹಾಗೇ ಬಾಕಿ ಇದ್ದವು.

"ನಿಮ್ಮ ಎಸರು ಕೇಳ್ಕೊಂಡೇ ಬಂದಿವ್ನಿ. ನಮ್ಮ ತಾಲ್ಲೂಕಿನ ಸ್ಟುಡಿಯೋದೋರೆಲ್ಲ ಇನ್ಮೇಲೆ ನಿಮ್ತಾವ್ಕೇ ಬರಂಗೆ ಮಾಡ್ತೀನಿ. ಒಂದು ಒಳ್ಳೆ ಬೋರ್ಡು ಆಕ್ಕೊಡಿ, ಈಗ್ಲೇ ಬೇಕು" ಅಂದರು.

ಅವರ ಕಣ್ಣು ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ ತಂಗಿಯ ಮಿಷನ್ನಿನ ಮೇಲೆ ಬಿತ್ತು. ನಾನು ಅದು ಬೇರೆಯವರದ್ದು ಅನ್ನಬಹುದಾಗಿತ್ತು. ಅನ್ನಲಿಲ್ಲ. ಅಷ್ಟು ದೂರದಿಂದ ಒಬ್ಬರು ನನ್ನ ಹೆಸರು ಕೇಳಿಕೊಂಡು ಬಂದದ್ದು ಅದೇ ಮೊದಲು. ತಂಗಿಯದ್ದು ಮನೆಯದ್ದೇ ತಾನೆ, ಹಬ್ಬ ಕಳೆದ ಮೇಲೆ ಬದಲಾಯಿಸಿದರಾಯಿತು, ಕೈಬದಲು ಅಂದುಕೊಂಡೆ. ಪ್ರೊಸೆಸರು ಸಮೇತ ಬೋರ್ಡು ಬಿಚ್ಚಿ ಅವರ ಡಬ್ಬಕ್ಕೆ ಹಾಕಿದೆ. ಅಟ್ಟದ ಮೇಲಿದ್ದ ಹಳೆಯ ಜನರೇಷನ್ನಿನ ಬೋರ್ಡನ್ನು ತಂಗಿಯ ಡಬ್ಬದೊಳಗೆ ಕೂರಿಸಿದೆ. ಲೈಟು ಹತ್ತಿತು, ಫ್ಯಾನು ತಿರುಗಿತು. ಹೊರಗಿನ ಡಬ್ಬ ಅದೇ, ಅದರ ಮೇಲೆ ಅಂಟಿಸಿದ್ದ ಹೊಸ ಜನರೇಷನ್ನಿನ ಚೀಟಿಯೂ ಅದೇ. ಕೀಳೋಣ ಅಂತ ಉಗುರು ಹಾಕಿದೆ, ಮತ್ತೆ ಬಿಟ್ಟೆ.

ಅಕ್ಕಿಹೆಬ್ಬಾಳಿನಲ್ಲಿ ಮಿಷನ್ನನ್ನು ದೇವರ ಮುಂದಿಟ್ಟರು. ಅತ್ತೆ ಅದಕ್ಕೂ ಕುಂಕುಮ ಹಚ್ಚಿದರು. ಪಕ್ಕದ ಮನೆಯ ಹೆಂಗಸರು ಬಂದು ನೋಡಿದರು. "ಅಪ್ಪ ಅವ್ವ ಇಲ್ದಿದ್ರೂ ನಿಮ್ಮಣ್ಣ ಎಂಗೆ ನಡ್ಕೋತಾವ್ನೆ ನೋಡವ್ವ" ಅಂದರು. ತಂಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಊಟ ಮಾಡಿ ಬಸ್ಸಿಗೆ ಬಂದೆ. ಅವತ್ತು ನನಗೆ ಬೇಸರವೂ ಆಗಲಿಲ್ಲ, ಭಯವೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ.

ಹಬ್ಬ ಕಳೆಯಿತು. ನಾಗಮಂಗಲದವರು ಫೋನಿನಲ್ಲಿ, "ಏನ್ ಸ್ಪೀಡು ಸ್ವಾಮಿ ನಿಮ್ಮ ಬೋರ್ಡು! ಅದ್ನ ಮಾತ್ರ ಕೇಳ್ಬೇಡಿ, ಕೊಡಾಕಿಲ್ಲ" ಅಂತ ನಕ್ಕರು. ನಾನೂ ನಕ್ಕೆ. ಹಳೆಯದರಲ್ಲೇ ತಂಗಿಯ ಕೆಲಸವೂ ನಡೆದೀತು ಅಂದುಕೊಂಡೆ.

ಆಮೇಲೆ ತಂಗಿಯ ಫೋನುಗಳು ಶುರುವಾದವು. ಮಧ್ಯಾಹ್ನ ಅಡುಗೆ ಮುಗಿದ ಮೇಲೆ ಮಾಡುತ್ತಿದ್ದಳು. ಅವಳ ಪಕ್ಕದಲ್ಲೇ ಅತ್ತೆ ಸೊಪ್ಪು ಸೋಸುತ್ತಲೋ ಅಕ್ಕಿ ಆರಿಸುತ್ತಲೋ ಮಾತಾಡುವುದು ಕೇಳಿಸುತ್ತಿತ್ತು.

"ಅಣ್ಣ, ಮೊದಲ್ನೇದು ಎದ್ದೈತೆ. ಅದ್ರೊಳಗಿಂದು ಏಳಾಕಿಲ್ಲ. ಪ್ರೊಸೆಸರು ಒಂದಾಣಿಕೆ ಇಲ್ಲ ಅಂತ ಬತ್ತೈತೆ."

"ಬಯೋಸಿಗೆ ಓಗಮ್ಮಿ. ಅಲ್ಲಿ ವರ್ಚುವಲೈಸೇಷನ್ ಅಂತ ಇರ್ತದೆ. ಅದ್ನ ಆನ್ ಮಾಡು."

"ಆನಾಗೇ ಐತೆ. ಇಲ್ದಿದ್ರೆ ಮೊದಲ್ನೇದೂ ಏಳ್ತಿರ್ಲಿಲ್ಲ."

"ಅಂಗಾರೆ ಸಾಫ್ಟ್‌ವೇರು ಹಳೇದಿರ್ಬೇಕು. ತೆಗ್ದು ಹೊಸಾದು ಆಕು."

ಅವಳ ಮನೆಯಲ್ಲಿ ನೆಟ್ಟು ಬರುವುದೇ ಕಷ್ಟ. ಫೋನನ್ನು ಹಿತ್ತಲ ಗೋಡೆಯ ಮೇಲಿಟ್ಟು ಅಲ್ಲಿಂದ ನೆಟ್ಟು ತೆಗೆದುಕೊಂಡು ಹೊಸದನ್ನು ಇಳಿಸಿದಳು. ಅದಕ್ಕೇ ದಿನಗಳು ಹೋದವು. ಮತ್ತೆ ಫೋನು. ಒಳಗಿನದರೊಳಗೆ ಇನ್ನೊಂದು ನಡೆಸಲು ನೆಸ್ಟೆಡ್ ಅಂತ ಒಂದು ಗುರುತು ಹಾಕುವ ಜಾಗ ಇದೆಯಂತೆ, ಅದು ಮಸುಕಾಗಿದೆಯಂತೆ, ಒತ್ತಿದರೆ ಒತ್ತಿಕೊಳ್ಳುವುದಿಲ್ಲವಂತೆ. ನಾನು ಸಿಸ್ಟಮ್ಮಿನ ಸೆಕ್ಯುರಿಟಿಯೊಳಗಿರುವ ಒಂದು ಸ್ವಿಚ್ಚು ಆಫ್ ಮಾಡಿಸಿದೆ. ಕೆಲವು ಸಲ ಅದೇ ಪ್ರೊಸೆಸರಿನ ಆ ಶಕ್ತಿಯನ್ನು ತಾನೇ ಹಿಡಿದುಕೊಂಡು ಬೇರೆಯವರಿಗೆ ಬಿಡುವುದಿಲ್ಲ. ಅದರಿಂದಲೂ ಆಗಲಿಲ್ಲ. ಆಜ್ಞೆ ಬರೆದು ಬಲವಂತವಾಗಿ ಆ ಗುರುತು ಹಾಕಿಸಿದೆ. ಗುರುತು ಬಿತ್ತು, ಒಳಗಿನದು ಏಳುವಷ್ಟರಲ್ಲಿ ಹೊರಗಿನದೂ ಬಿದ್ದುಹೋಯಿತು.

ಆಗ ನನಗೆ ಅನುಮಾನ ಬಂತು. ಅಂಗಡಿ ಬಾಗಿಲು ಅರ್ಧ ಎಳೆದು ಕೂತು, ಫೋನಿನಲ್ಲಿ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ಮಾಡಿಸಿಕೊಂಡು ಓದಿದೆ. ಆ ಕನ್ನಡ ಅಡ್ಡಾದಿಡ್ಡಿ ಇತ್ತು, ಆದರೂ ಅರ್ಥವಾಯಿತು. ಹಳೆಯ ಜನರೇಷನ್ನಿನ ಪ್ರೊಸೆಸರುಗಳಲ್ಲಿ ಮೊದಲ ಮೆಟ್ಟಿಲು ನಡೆಯುತ್ತದೆ. ಎರಡನೆಯದನ್ನು ಅವಳ ಹತ್ತಿರ ಇರುವ ಸಾಫ್ಟ್‌ವೇರು ಅವುಗಳ ಮೇಲೆ ನಡೆಸುವುದಿಲ್ಲ. ಯಾವ ಸ್ವಿಚ್ಚು ಒತ್ತಿದರೂ ನಡೆಸುವುದಿಲ್ಲ. ನಾನು ಅವಳಿಗೆ ಓದಿ ಹೇಳಿದ್ದ ನಂಬರಿನದ್ದರಲ್ಲಿ ನಡೆಯುತ್ತಿತ್ತು. ಅದು ನಾಗಮಂಗಲದಲ್ಲಿ ಮದುವೆ ಹೆಣ್ಣುಗಳ ಮುಖಕ್ಕೆ ಬೆಳಕು ಹೆಚ್ಚಿಸುತ್ತ ಕೂತಿತ್ತು.

ಅಲ್ಲಿಯವರೆಗೆ ನನ್ನದು ತಿಳಿಯದೆ ಮಾಡಿದ ತಪ್ಪು. ಅಲ್ಲಿಂದ ಮುಂದಿನದ್ದು ತಿಳಿದು ಮಾಡಿದ್ದು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾರನೆಯ ದಿನ ಅವಳು ನೇರವಾಗಿ ಕೇಳಿದಳು.

"ಅಣ್ಣ, ನೀನು ಯೋಳಿದ್ಯಲ್ಲ, ಅದೇ ಪ್ರೊಸೆಸರು ತಾನೆ ಇದ್ರಲ್ಲಿರೋದು?"

ಹಿಂದಿನಿಂದ ಅತ್ತೆ, "ಏನಂತವ್ವ, ಮಿಸನ್ನು ಕೆಟ್ಟೋಯ್ತಾ?" ಅಂದದ್ದು ಕೇಳಿಸಿತು. "ಇಲ್ಲ ಅತ್ತೆ, ನಂಗೇ ಸರ್ಯಾಗಿ ಬತ್ತಿಲ್ಲ" ಅಂದಳು ತಂಗಿ.

ನಾನು, "ಊ ಕಣಮ್ಮಿ, ಅದೇ. ರ‍್ಯಾಮ್ ಕಮ್ಮಿಯಾಗಿರ್ಬೇಕು. ಇನ್ನೊಂದು ಕಳಿಸ್ತೀನಿ" ಅಂದೆ.

"ಸರಿ ಕಣಣ್ಣ" ಅಂದಳು.

ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರ ಕೈಯಲ್ಲಿ ರ‍್ಯಾಮ್ ಕಳಿಸಿದೆ. ಅದರಿಂದ ಏನೂ ಆಗುವುದಿಲ್ಲ ಅಂತ ಗೊತ್ತಿದ್ದೂ ಕಳಿಸಿದೆ. ಭಾವ ಕೆ.ಆರ್. ಪೇಟೆಗೆ ಬಂದು ಬಸ್ಸಿಗೆ ಕಾದು ಅದನ್ನು ತೆಗೆದುಕೊಂಡು ಹೋದರು. ಅವಳು ಹಾಕಿಕೊಂಡು, "ಇಲ್ಲ ಕಣಣ್ಣ, ಅಂಗೇ ಐತೆ" ಅಂದಳು. ಆಮೇಲೂ ಕೇಳಿದಳು. ಒಂದೊಂದು ಸಲ ಒಂದೊಂದು ರೀತಿ ಕೇಳಿದಳು. ಬೋರ್ಡು ಏನಾದ್ರೂ ಬೇರೆ ಇರಬೌದಾ, ನೀನು ಜೋಡ್ಸುವಾಗ ನೋಡಿದ್ಯಾ, ಅಂಗಡೀಲಿ ಅದ್ಲುಬದ್ಲು ಆಗಿರ್ಬೌದಾ. ನಾನು ಪ್ರತಿ ಸಲವೂ ಒಂದು ಹೊಸ ಮದ್ದು ಹೇಳಿದೆ. ಕೇಬಲ್ಲು ಕಿತ್ತು ಹಾಕು. ಎಲ್ಲ ಅಳಿಸಿ ಮೊದಲಿಂದ ಹಾಕು. ಅವಳು ಎಲ್ಲವನ್ನೂ ಮಾಡಿದಳು.

ನನ್ನ ಬಾಯಿಗೆ ಏನಾಗಿತ್ತು ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಾಗಿನದ ಮಿಷನ್ನು ಬದಲಾಯಿಸಿದ್ದೆ ಅಂತ ಆ ಮನೆಯಲ್ಲಿ ಗೊತ್ತಾದರೆ ಅವಳ ಮರ್ಯಾದೆ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅವಳೊಬ್ಬಳಿಗೇ ಹೇಳಬಹುದಾಗಿತ್ತಲ್ಲ. ಓದಿದ ತಂಗಿ ಓದದ ನನ್ನನ್ನು ಕೇಳುತ್ತಿದ್ದಾಳೆ, ನಾನು ಹೇಳಿದ್ದನ್ನೆಲ್ಲ ಮಾಡುತ್ತಿದ್ದಾಳೆ ಅನ್ನುವುದರಲ್ಲಿ ನನಗೆ ಒಂದು ಸುಖವೂ ಇತ್ತು ಅಂತ ಕಾಣುತ್ತದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಮೈಸೂರಿಗೆ ಹೋಗಿ ಬಂದಳು. ಅವಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಸಂಜೆ ಭಾವ ಮಾಡಿದರು. ಒಳಗಿನ ಮಿಷನ್ನು ಎಬ್ಬಿಸಿ ಅದರಲ್ಲಿ ಕೆಲಸ ಮಾಡಿ ತೋರಿಸಿ ಅಂದರಂತೆ. ಒಂದು ಸಲವೂ ಅದು ಎದ್ದದ್ದನ್ನು ಅವಳು ಕಂಡಿರಲಿಲ್ಲ. ಅಲ್ಲಿ ಎದ್ದಿತಂತೆ. ಎದ್ದ ಮೇಲೆ ಏನು ಮಾಡಬೇಕು ಅಂತ ಕೈ ಓಡಲಿಲ್ಲವಂತೆ. ಹೊತ್ತು ಮುಗಿಯಿತಂತೆ.

ಆಮೇಲೆ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಕೆಲಸ ಕಲಿಸಿದ ಶ್ರೀರಂಗಪಟ್ಟಣದ ಅಂಗಡಿಗೆ ಹೋಗಿ, ಕಾಡಿ ಬೇಡಿ, ಹೊಸ ಜನರೇಷನ್ನಿನ ಒಂದು ಬೋರ್ಡು ತಂದೆ. ಚೀಲದಲ್ಲಿಟ್ಟುಕೊಂಡು ಚಿನಕುರಳಿ ಮೇಲೆ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಅಕ್ಕಿಹೆಬ್ಬಾಳಿಗೆ ಹೋದೆ. ಹಬ್ಬವಿಲ್ಲದ ದಿನ ನಾನು ಆ ಮನೆಗೆ ಹೋದದ್ದು ಕಡಿಮೆ. ಅತ್ತೆ ಗಾಬರಿಯಾದರು. ಮಿಷನ್ನು ಸರ್ವೀಸ್ ಮಾಡೋಣ ಅಂತ ಬಂದೆ ಅಂದೆ. ಮುದ್ದೆ ಬಡಿಸಿ ಎದುರಿಗೆ ಕೂತರು.

"ನೋಡಪ್ಪ, ಏಟು ದೂರದಿಂದ ಸರ್ವೀಸ್ ಮಾಡಾಕೆ ಬಂದೀಯ. ಅಣ್ಣ ಅಂದ್ರೆ ಇಂಗಿರ್ಬೇಕು. ಇವ್ಳೇ ಸರ್ಯಾಗಿ ಓದ್ನಿಲ್ಲ ಕಣಪ್ಪ. ಅವ್ಳೇ ಒಪ್ಕಂಡ್ಲು. ಬೇಜಾರು ಮಾಡ್ಕಬ್ಯಾಡ ನೀನು."

ತಂಗಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ನನ್ನ ಎಲೆಗೆ ಸಾರು ಬಿಟ್ಟಳು. ನಾನು ತುತ್ತು ಮುರಿದು ನುಂಗಿದೆ.

ಊಟವಾದ ಮೇಲೆ ಅತ್ತೆ ದನಕ್ಕೆ ನೀರಿಡಲು ಕೊಟ್ಟಿಗೆಗೆ ಹೋದರು. ನಾನು ಡಬ್ಬದ ಪಕ್ಕದ ತಗಡು ಬಿಚ್ಚಿದೆ. ತಂಗಿ ಫೋನಿನ ಬೆಳಕು ಹಿಡಿದಳು. ಹಳೆಯ ಬೋರ್ಡು ತೆಗೆದೆ, ಹೊಸದನ್ನು ಕೂರಿಸಿದೆ, ಪ್ರೊಸೆಸರಿಗೆ ಪೇಸ್ಟು ಹಚ್ಚಿದೆ. ಅವಳು ಏನು ಎತ್ತ ಅಂತ ಒಂದು ಮಾತು ಕೇಳಲಿಲ್ಲ.

"ಅಮ್ಮಿ, ಒಂದು ಮಾತು ಯೋಳ್ಬೇಕು" ಅಂದೆ.

"ಗೊತ್ತು ಕಣಣ್ಣ. ಮೊದಲ್ನೇ ದಿನ್ವೇ ನೋಡ್ದೆ. ಆನ್ ಮಾಡಿದ್ರೆ ಪ್ರೊಸೆಸರಿನ ಎಸರು ಅಲ್ಲೇ ಬತ್ತದೆ."

ಮಿಷನ್ನು ಜೋಡಿಸುವವನಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ. ತಿಳಿದಿತ್ತು. ಅವಳು ನೋಡಿರಲಿಕ್ಕಿಲ್ಲ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

"ಗೊತ್ತಿದ್ದೂ ಯಾಕಮ್ಮಿ ಸುಮ್ಕಿದ್ದೆ? ಕೇಳ್ಬಾರ್ದಿತ್ತಾ?"

"ಕೇಳ್ದೆ" ಅಂದಳು. "ಎಷ್ಟ್ ತರ ಕೇಳ್ದೆ ಅಣ್ಣ. ಅತ್ತೆ ಪಕ್ದಲ್ಲೇ ಕೂತಿರೋರು. ನಮ್ಮಣ್ಣ ಬೇರೆ ಮಿಷನ್ ತಂದುಕೊಟ್ಬುಟ್ಟ ಅಂತ ನಾನೆಂಗೆ ಬಾಯಿ ಬುಡ್ಲಿ? ನೀನು ಒಂದ್ಮಾತು, ಊ ಕಣಮ್ಮಿ ಬದ್ಲಾಗೈತೆ ಅಂದಿದ್ರೆ ಸಾಕಾಗಿತ್ತು. ಬೇರೆ ದಾರಿ ನೋಡ್ಕೊತಿದ್ದೆ. ಕೆ.ಆರ್. ಪೇಟೇಲಿ ಕಾಲೇಜ್ನೋರ ಲ್ಯಾಬಿಗಾದ್ರೂ ಓಯ್ತಿದ್ದೆ. ನೀನು ಅದೇ ಅಂದ್ಮೇಲೆ, ನಾನು ಯಾರ್ನ ನಂಬ್ಲಿ, ಆ ಎಸರ್ನಾ, ನಿನ್ನಾ?"

ಅವಳ ದನಿ ಏರಲಿಲ್ಲ. ಕೊಟ್ಟಿಗೆಯಲ್ಲಿ ಬಕೆಟ್ಟಿನ ಸದ್ದು ಕೇಳುತ್ತಿತ್ತು. ನಾನು ಎದ್ದು ನಿಂತೆ. ಈಗಲೇ ಅತ್ತೆಗೆ ಹೇಳುತ್ತೇನೆ, ನಿನ್ನ ಮೇಲೆ ಬಂದಿರುವ ಮಾತು ತೆಗೆಯುತ್ತೇನೆ ಅಂದೆ. ಅವಳು ಬಾಗಿಲಿಗೆ ಅಡ್ಡ ಬಂದಳು.

"ಬ್ಯಾಡ."

"ನೀನು ಓದ್ನಿಲ್ಲ ಅಂತ ಅಂದ್ಕೊಂಡವ್ರಲ್ಲಮ್ಮಿ."

"ಅಂದ್ಕೊಳ್ಳಲಿ ಬುಡು. ಓದ್ನಿಲ್ಲ ಅಂದ್ರೆ ನಂಗೊಂದು ಮಾತು. ನೀನು ಹಿಂಗೆ ಮಾಡ್ದೆ ಅಂದ್ರೆ ಈ ಮನೇಲಿ ನಂಗೆ ಹಿಂದೆ ಯಾರೂ ಇಲ್ಲ ಅಂತ ಆಯ್ತದೆ. ನೀನು ಬಾಯಿ ಬುಟ್ರೆ ನಿಂಗೆ ಹಗೂರ ಆಯ್ತದೆ. ನಂಗಲ್ಲ."

ನಾನು ಮತ್ತೆ ಕೂತು ಉಳಿದ ಸ್ಕ್ರೂ ಹಾಕಿದೆ. ಮಿಷನ್ನು ಆನ್ ಮಾಡಿದಳು. ಮೊದಲನೆಯದು ಎದ್ದಿತು. ಅದರೊಳಗೆ ನೆಸ್ಟೆಡ್ ಅನ್ನುವ ಜಾಗ ಕಪ್ಪಗೆ ಸ್ಪಷ್ಟವಾಗಿ ಕಂಡಿತು. ಗುರುತು ಹಾಕಿದಳು. ಒಳಗಿನದೂ ಎದ್ದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸಾಲಾಗಿ ಬಂದವು. ಅವಳು ಸ್ವಲ್ಪ ಹೊತ್ತು ನೋಡಿ, ಒಳಗಿನದನ್ನು ಮೊದಲು, ಆಮೇಲೆ ಹೊರಗಿನದನ್ನು ಕ್ರಮವಾಗಿ ಮುಚ್ಚಿದಳು. "ಬಸ್ಸಿಗೆ ಹೊತ್ತಾಯ್ತು ಕಣಣ್ಣ" ಅಂದಳು. ಅತ್ತೆ ನನ್ನ ಚೀಲಕ್ಕೆ ಬಾಳೆಹಣ್ಣು ಹಾಕಿದರು. ಹಳೆಯ ಬೋರ್ಡಿನ ಮೇಲೆಯೇ ಹಾಕಿದರು.

ಅಲ್ಲಿಂದ ಈಚೆಗೆ ಅವಳು ಫೋನ್ ಮಾಡುತ್ತಾಳೆ. ಉಂಡ್ಯಾ, ಮೈಗೆ ಹುಷಾರಾ, ಅಂಗಡಿ ಎಂಗೆ ನಡೀತೈತೆ ಅಂತ ಕೇಳುತ್ತಾಳೆ. ಮಿಷನ್ನಿನ ಮಾತು ಎತ್ತುವುದಿಲ್ಲ. ಎಲ್ಲಿಯಾದರೂ ಏನಾದರೂ ಕೆಟ್ಟು, ಅಣ್ಣ ಇದೇನು ಅಂತ ಕೇಳಲಿ ಅಂತ ನಾನು ಕಾಯುತ್ತೇನೆ. ಮಿಷನ್ನು ಅಂದ ಮೇಲೆ ಕೆಟ್ಟೇ ಇರುತ್ತದೆ. ಅವಳೇ ಸರಿ ಮಾಡಿಕೊಳ್ಳುತ್ತಿರಬೇಕು, ಇಲ್ಲವೇ ಬೇರೆ ಯಾರನ್ನೋ ಕೇಳುತ್ತಿರಬೇಕು. ಮಧ್ಯಾಹ್ನದ ಆ ಹೊತ್ತಿನಲ್ಲಿ ಅಂಗಡಿಗೆ ಗಿರಾಕಿ ಬರುವುದು ಕಡಿಮೆ. ಫೋನನ್ನು ಬೋರಲು ಹಾಕಿ ಇಡುವುದನ್ನು ಕಲಿತಿದ್ದೇನೆ. ನಾಗಮಂಗಲದ ಸ್ಟುಡಿಯೋದವರು ಹೇಳಿದಂತೆಯೇ ಬರುತ್ತಾರೆ, ಹೊಗಳುತ್ತಾರೆ. ಅವರು ಹೋದ ಮೇಲೆ ಅಂಗಡಿಯಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಈಚೆಗೆ ಭಾವ ಹಾಲಿನ ಡೇರಿಯ ಪ್ರಿಂಟರಿನ ವಿಷಯ ಕೇಳಲು ಫೋನ್ ಮಾಡಿದರು. ಅದಕ್ಕೆ ಏನು ಬೇಕೋ ಹೇಳಿದೆ. ಇಡುವ ಮುಂಚೆ ಅಂದರು:

"ಅಂತೂ ಇನ್ನೊಂದ್ಸಲ ಬರೀತೀನಿ ಅಂತ ಅಠ ಹಿಡ್ದು ಬರೆದ್ಲು ನೋಡಿ. ಅವ್ವನೂ ಊ ಅಂದ್ಬುಟ್ಟಿದ್ಲು. ಪಾಸಾಗೋದ್ಲು. ಕೆಲ್ಸಾನೂ ಆಯ್ತು, ಬರೋ ಸೋಮ್ವಾರದಿಂದ. ನಿಮ್ಗೆ ಯೋಳಿರ್ಬೇಕಲ್ಲ?"

ಎದುರಿಗೆ ಬಿಚ್ಚಿಟ್ಟ ಮಿಷನ್ನೊಂದು ಇತ್ತು. ಅದರ ಫ್ಯಾನು ತಿರುಗುತ್ತಿತ್ತು.

"ಯೋಳಿದ್ಲು ಭಾವ, ಯೋಳಿದ್ಲು" ಅಂದೆ. "ಮೊದಲು ನಂಗೇ ಯೋಳಿದ್ದು."

"ಮತ್ತೆ! ಅಣ್ಣಂಗೆ ಯೋಳ್ದೆ ಇದ್ದಾಳಾ" ಅಂತ ಅವರು ನಕ್ಕು ಫೋನ್ ಇಟ್ಟರು.